ಎರಡು ಕಡೆಯ ಹಣ, ಒಂದು ಮತ

“ಹಣವನ್ನು ಇಬ್ಬರೂ ಕೊಡುತ್ತಾರೆ. ಇಬ್ಬರಿಂದಲೂ ತೆಗೆದುಕೊಂಡು, ಮತವನ್ನು ಮಾತ್ರ ಯೋಗ್ಯನಿಗೇ ಹಾಕಿದರೆ ಅದರಲ್ಲಿ ಪಾಪವೇನು?” ಚುನಾವಣೆ ಬಂದಾಗಲೆಲ್ಲ ನಮ್ಮ ಮೊಹಲ್ಲಾಗಳಲ್ಲಿ, ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವವರ ಬಾಯಲ್ಲೂ ಕೇಳಿಬರುವ ಪ್ರಶ್ನೆಯಿದು. ಪ್ರಿಯ ಓದುಗರೇ, ಇದನ್ನು ನಕ್ಕು ತಳ್ಳಿಹಾಕಬೇಡಿ. ಕೇಳುವವರು ಕೆಟ್ಟವರಲ್ಲ, ಹೆಚ್ಚಿನವರು ಬಡವರು. ಗೆದ್ದ ಮೇಲೆ ಐದು ವರ್ಷ ಈ ಓಣಿಗೆ ಯಾರೂ ಹಾಯುವುದಿಲ್ಲ ಎಂಬ ನೋವೂ ಆ ಮಾತಿನಲ್ಲಿದೆ.

ನಿಮ್ಮ ಮತ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಅಮೆರಿಕದ ಡಿಯರ್‌ಬಾರ್ನ್ ನಗರದಲ್ಲಿ ಮೇಯರರನ್ನು ಜನರೇ ನೇರವಾಗಿ ಆರಿಸುತ್ತಾರೆ. 2021ರಲ್ಲಿ ಅಬ್ದುಲ್ಲಾ ಹಮ್ಮೂದ್ ಹಾಗೆ ಆಯ್ಕೆಯಾದಾಗ ನಮ್ಮಲ್ಲೂ ಅನೇಕರು ಸಂತೋಷಪಟ್ಟರು. ವಿಜಯಪುರದಲ್ಲಿ ಕ್ರಮ ಬೇರೆ. ನಾವು ಆರಿಸುವುದು ವಾರ್ಡಿನ ಸದಸ್ಯರನ್ನು. ಮೇಯರರನ್ನು ಆರಿಸುವವರು ಮಹಾನಗರ ಪಾಲಿಕೆಯ ಆ 35 ಸದಸ್ಯರು, ಜೊತೆಗೆ ಅಲ್ಲಿ ಮತದ ಹಕ್ಕುಳ್ಳ ಶಾಸಕರು ಮತ್ತು ಸಂಸದರು. 2022ರ ಅಕ್ಟೋಬರ್ 28ರಂದು ನಡೆದ ಚುನಾವಣೆಯಲ್ಲಿ ಬಿಜೆಪಿ 17, ಕಾಂಗ್ರೆಸ್ 10, ಪಕ್ಷೇತರರು 5, ಮಜ್ಲಿಸ್ 2, ಜನತಾದಳ 1 ಸ್ಥಾನ ಪಡೆದರು. ಯಾರಿಗೂ 18 ಬರಲಿಲ್ಲ. ಕಾಂಗ್ರೆಸ್ಸಿನ ಮಹೆಜಬೀನ್ ಹೊರ್ತಿಯವರು ಮೇಯರರಾಗಿ ಆಯ್ಕೆಯಾದದ್ದು 2024ರ ಜನವರಿಯಲ್ಲಿ. ಯಾವ ಪಕ್ಷ ಸರಿ ಎಂದು ಹೇಳುವುದು ಈ ಲೇಖನದ ಕೆಲಸವಲ್ಲ. ಒಂದು ವಾರ್ಡು ಆಚೀಚೆಯಾದರೆ ಇಡೀ ಊರಿನ ಲೆಕ್ಕವೇ ಬದಲಾಗುತ್ತದೆ ಎಂದು ತೋರಿಸಲಿಕ್ಕೆ ಇಷ್ಟು ಹೇಳಿದೆ. ತಿಕೋಟಾ, ಬಬಲೇಶ್ವರದ ಕಡೆಯ ಓದುಗರಿಗೂ ಇದು ಹೊಸದಲ್ಲ. ಪಂಚಾಯಿತಿಯ ಅಧ್ಯಕ್ಷರನ್ನು ಆರಿಸುವವರೂ ನೀವು ಕಳಿಸಿದ ಸದಸ್ಯರೇ.

ಅಂದರೆ ಸಭೆಯಲ್ಲಿ ಸದಸ್ಯನು ಎತ್ತುವ ಕೈ ನಿಮ್ಮ ಕೈ. ಅದನ್ನು ಅವನಿಗೆ ನೀವು ಮಾರಿದ್ದರೆ, ಅವನು ಅದನ್ನು ತನ್ನ ಸ್ವತ್ತೆಂದೇ ತಿಳಿಯುತ್ತಾನೆ. ಹಣ ಕೊಟ್ಟು ಕೊಂಡದ್ದನ್ನು ಮಾರಬೇಡವೆಂದು ಅವನಿಗೆ ಯಾವ ಮುಖದಿಂದ ಹೇಳುವಿರಿ?

ಮತದಾನವನ್ನು ಸಾಕ್ಷ್ಯ, ಶಿಫಾರಸು ಮತ್ತು ವಕಾಲತ್ತು ಎಂದು ಮುಫ್ತಿ ಮುಹಮ್ಮದ್ ಶಫೀ(ರ)ರು ವಿವರಿಸಿದ್ದಾರೆ. ಈತ ಯೋಗ್ಯನೆಂದು ನೀವು ಸಾಕ್ಷಿ ನುಡಿಯುತ್ತೀರಿ, ಅವನ ಪರವಾಗಿ ಶಿಫಾರಸು ಮಾಡುತ್ತೀರಿ, ಊರಿನವರೆಲ್ಲರ ವಕೀಲನನ್ನಾಗಿ ಅವನನ್ನು ನೇಮಿಸುತ್ತೀರಿ. ಸ್ವಂತ ತಂದೆತಾಯಿ, ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ (4:135). ‘ನಮ್ಮವನು’ ಎಂಬ ಒಂದೇ ಅರ್ಹತೆಯ ಮೇಲೆ ಮತ ಕೇಳುವವರಿಗೆ ಅಲ್ಲೇ ಉತ್ತರವಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಣ ಪಡೆದರೂ ಸಾಕ್ಷ್ಯ ಸತ್ಯವೇ ಆಗಿದೆಯಲ್ಲ? ತಿಕೋಟಾದ ದ್ರಾಕ್ಷಿ ಬೆಳೆಗಾರರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ನಿಮ್ಮ ಒಣದ್ರಾಕ್ಷಿಯನ್ನು ಮಾರಲು ದಲಾಲನಿಗೆ ಒಪ್ಪಿಸಿದ್ದೀರಿ. ಅವನು ನಿಮ್ಮಿಂದ ದಲಾಲಿ ಪಡೆದು, ಖರೀದಿದಾರನಿಂದಲೂ ಗುಟ್ಟಾಗಿ ಹಣ ಪಡೆದ. ಆಮೇಲೆ ಅದು ಬಯಲಾದಾಗ, “ದರ ಸರಿಯಾಗಿಯೇ ಕೊಡಿಸಿದ್ದೇನಲ್ಲ?” ಎನ್ನುತ್ತಾನೆ. ದರ ಸರಿಯಿದ್ದಿರಬಹುದು. ಬರುವ ವರ್ಷ ಅವನ ಅಂಗಡಿಯಲ್ಲಿ ಮಾಲು ಇಳಿಸುವಿರಾ? ಇಳಿಸುವುದಿಲ್ಲ. ಅವನು ನಿಮ್ಮ ದರವನ್ನು ಕೆಡಿಸದಿದ್ದರೂ ನಿಮ್ಮ ನಂಬಿಕೆಯನ್ನು ಮಾರಿದ್ದಾನೆ.

ಪ್ರವಾದಿವರ್ಯರು(ಸ) ಝಕಾತ್ ಸಂಗ್ರಹಿಸಲು ಇಬ್ನುಲ್ ಲುತ್‌ಬಿಯ್ಯ ಎಂಬವರನ್ನು ಕಳಿಸಿದ್ದರು. ಅವರು ಹಿಂದಿರುಗಿ, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದು ಎರಡು ಪಾಲು ಮಾಡಿದರು. ಆಗ ಪ್ರವಾದಿವರ್ಯರು(ಸ) ಮಿಂಬರ್ ಏರಿ, ಆತ ತಂದೆಯ ಅಥವಾ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದರೆಂದು ಬುಖಾರಿ, ಮುಸ್ಲಿಮ್ ವರದಿ ಮಾಡಿವೆ. ಝಕಾತಿನ ಲೆಕ್ಕದಲ್ಲಿ ಒಂದು ದಿರ್ಹಮ್ ಕಡಿಮೆಯಾಗಿತ್ತೆಂದು ಅಲ್ಲಿ ಆಕ್ಷೇಪವಿರಲಿಲ್ಲ. ಹಣ ಬಂದ ದಾರಿಯನ್ನೇ ಕೇಳಲಾಯಿತು. ನಿಮ್ಮ ಮನೆಗೆ ಬಂದ ಲಕೋಟೆಯ ಬಗ್ಗೆಯೂ ಅದನ್ನೇ ಕೇಳಿ ನೋಡಿ: ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಅದು ಬರುತ್ತಿತ್ತೇ?

ಇನ್ನೂ ಒಂದಿದೆ. ಎರಡು ಕಡೆಯೂ “ನಿಮಗೇ ಹಾಕುತ್ತೇವೆ” ಎಂದು ಹೇಳಿಯೇ ಹಣ ಪಡೆದಿರುತ್ತೀರಿ. ಒಂದು ಮಾತಾದರೂ ಸುಳ್ಳಾಗಲೇಬೇಕು. ಮನೆಯಲ್ಲಿ ನಾಲ್ಕು ಮತಗಳಿದ್ದರೆ ಯಜಮಾನನೇ ಮಾತು ಕೊಡುತ್ತಾನೆ. ಹೆಂಡತಿಯ, ಮಗನ, ಸೊಸೆಯ ಸಾಕ್ಷ್ಯವನ್ನು ಅವರನ್ನು ಕೇಳದೆಯೇ ಮಾರಿರುತ್ತಾನೆ. ಸಾಕ್ಷ್ಯವನ್ನು ಮತ್ತೊಬ್ಬರ ಪರವಾಗಿ ಮಾರುವ ಅಧಿಕಾರ ತಂದೆಗೂ ಇಲ್ಲ.

ಆಣೆ ಮಾಡಿಸಿಕೊಂಡು ಹಣ ಕೊಡುವವರೂ ಇದ್ದಾರೆ. ಆಣೆ ಮಾಡಿಬಿಟ್ಟೆವು, ಇನ್ನು ಅವನಿಗೇ ಹಾಕದೆ ವಿಧಿಯಿಲ್ಲ ಎಂದು ಹೆದರುವ ತಾಯಂದಿರಿಗೆ ಹೇಳಬೇಕಾದುದಿಷ್ಟು. ಆಣೆ ಮಾಡಿದ ಮೇಲೆ ಅದಕ್ಕಿಂತ ಒಳ್ಳೆಯದು ಕಂಡರೆ ಒಳ್ಳೆಯದನ್ನೇ ಮಾಡಿ, ಆಣೆಗೆ ಪ್ರಾಯಶ್ಚಿತ್ತ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದ್ದರಿಂದ ಹಣವನ್ನು ಕೊಟ್ಟವನಿಗೇ ಹಿಂದಿರುಗಿಸಿ. ಅದು ಸಾಧ್ಯವೇ ಆಗದಿದ್ದರೆ ಪುಣ್ಯದ ಆಸೆಯಿಡದೆ ಬಡವರಿಗೆ ದಾಟಿಸಿ. ಮತವನ್ನು ಯೋಗ್ಯನೆಂದು ಕಂಡವನಿಗೆ ಹಾಕಿ. ಅದು ಆಣೆಗೆ ವಿರುದ್ಧವಾದರೆ ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ ಕೊಡಿ. ಅಷ್ಟು ಶಕ್ತಿಯಿಲ್ಲದವರು ಮೂರು ದಿನ ಉಪವಾಸವಿರಬೇಕು (5:89).