ನಗು ಯಾರ ಮೇಲೆ?

ಕಚೇರಿಯಲ್ಲಿ ನಾವು ಹೆದರುವ ಹಿರಿಯರೊಬ್ಬರು ಒಮ್ಮೆ ನಗಿಸಿಬಿಟ್ಟರೆ ಸಾಕು, ಅವರ ಹಳೆಯ ಗದರಿಕೆಗಳನ್ನೆಲ್ಲ ಮರೆತುಬಿಡುತ್ತೇವೆ. ಈ ಮರೆವು ನ್ಯಾಯವೇ?

ಪತ್ರಿಕೆಯೊಂದರ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೂ ಅಂಥವರೊಬ್ಬರಿದ್ದರು. ಕನ್ನಡಕದ ಮೇಲಿಂದ ಅವರು ದಿಟ್ಟಿಸಿದರೆ ಬರುತ್ತಿದ್ದ ಕಾಗುಣಿತವೂ ಮರೆತುಹೋಗುತ್ತಿತ್ತು. ಒಂದು ದಿನ ಯಾರೋ ಪುಢಾರಿ ತೀರಿಕೊಂಡ ಸುದ್ದಿಯಲ್ಲಿ 'ಸಂತಾಪ ಸಭೆ'ಯ ಬದಲು 'ಸಂತೋಷ ಸಭೆ' ಎಂದಿದ್ದುದನ್ನು ನಾವು ಗಮನಿಸದೆ ಕಳಿಸಿದ್ದೆವು. ಕರೆಸಿದರು. ನಡುಗುತ್ತ ನಿಂತೆವು. "ಸತ್ಯವನ್ನು ಇಷ್ಟು ನೇರವಾಗಿ ಬರೆದರೆ ಪತ್ರಿಕೆ ನಡೆಯುವುದಿಲ್ಲ ಮಾರಾಯ್ರೇ" ಎನ್ನುತ್ತ ಕೆಂಪು ಶಾಯಿಯಲ್ಲಿ ತಿದ್ದಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂದಿನಿಂದ ನಮ್ಮ ಚಹಾ ಅವರ ಮೇಜಿನ ಬಳಿಯೇ.

ಫ್ರೆಂಚ್ ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ನಗೆಯ ಕುರಿತೇ ಒಂದು ಪುಸ್ತಕ ಪ್ರಕಟಿಸಿದರು. ನಗಬೇಕಾದರೆ ಹೃದಯ ಕ್ಷಣಕಾಲ ಮರಗಟ್ಟಬೇಕೆಂಬುದು ಅವರ ವಾದ. ನಮ್ಮ ಹಿರಿಯರನ್ನು ನೆನೆದರೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅವರ ಹಾಸ್ಯಕ್ಕೆ ಹೆಚ್ಚಾಗಿ ಗುರಿಯಾಗುತ್ತಿದ್ದುದು ಅವರದೇ ಬೋಳುತಲೆ, ಇಲ್ಲವೇ ಪತ್ರಿಕೆಯ ಮಾಲಕರು. ಇದನ್ನು ನಾವು ಗಮನಿಸಿಯೇ ಇರಲಿಲ್ಲ.

ಒಮ್ಮೆ ಚಹಾ ತರುವ ಹುಡುಗ ಕರಡಿನ ಮೇಲೆ ಲೋಟ ಉರುಳಿಸಿದ. ಅವರ ಧಾಟಿಯಲ್ಲೇ ನಾವೊಂದು ಚಟಾಕಿ ಹಾರಿಸಿದೆವು. ಎಲ್ಲರೂ ನಕ್ಕರು, ಪಾಪ, ಆ ಹುಡುಗನೂ ನಕ್ಕ. ಅವರು ನಗಲಿಲ್ಲ. "ಅವನು ತಿರುಗಿ ನಿಮಗೊಂದು ಹೇಳುವ ಹಾಗಿದೆಯೇ?" ಎಂದು ಕೇಳಿ, ಒದ್ದೆ ಹಾಳೆಯನ್ನು ಫ್ಯಾನಿನ ಕೆಳಗೆ ಹರಡಿದರು.

ಆ ಸಂಜೆ ಅವರ ಮೇಜಿನ ಬಳಿ ಹೋಗಲು ನಮಗೆ ಮತ್ತೆ ಹೆದರಿಕೆಯಾಯಿತು.