ನಿಂದೆಯೋ, ನಿಜದ ನುಡಿಯೋ?

ಪರನಿಂದೆಯನ್ನು ಮಹಾದೋಷವೆಂದು ಎಣಿಸಿದ ಪರಂಪರೆ ನಮ್ಮದು. ಅನ್ಯರ ಮಾನಕ್ಕೆ ಕುಂದು ತರುವ ಸುಳ್ಳು ನುಡಿಯು ಆಡಿದವನ ನಾಲಗೆಯನ್ನೂ ಕೇಳಿದವನ ಕಿವಿಯನ್ನೂ ಏಕಕಾಲಕ್ಕೆ ಕೆಡಿಸುತ್ತದೆ. ಇದನ್ನು ಎಲ್ಲರೂ ಒಪ್ಪುತ್ತೇವೆ. ಆದರೆ ಹಣ ಕೊಟ್ಟು ಪಡೆದ ಮಾತು ಸುಳ್ಳಾಯಿತೆಂದು ನೊಂದವನು ನೆರೆಯವರಿಗೆ ಹೇಳಿಕೊಂಡರೆ ಅದೂ ನಿಂದೆಯೇ? ಸದ್ಭಕ್ತರು ಶಾಂತಚಿತ್ತದಿಂದ ವಿಚಾರಿಸಬೇಕಾದ ಪ್ರಶ್ನೆ ಇದು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಘಟಪ್ರಭೆಯ ಕಾಲುವೆ ಮುಟ್ಟದ ಹೊಲಗಳಿಗೆ ಕೊಳವೆಬಾವಿಯೇ ಗತಿ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ, ಬೇವಿನ ಕವಲುಕಡ್ಡಿ ಹಿಡಿದೋ ನೆಲದೊಳಗಿನ ನೀರನ್ನು ಕಾಣಬಲ್ಲೆವೆನ್ನುವವರನ್ನು ರೈತರು ಕರೆಸುವುದುಂಟು. ಒಬ್ಬ ರೈತನು ಅಂಥವರ ಮಾತು ನಂಬಿ, ಸಾಲ ಮಾಡಿ ಕೊರೆಸಿದನೆಂದೂ ಧೂಳಲ್ಲದೆ ಬೇರೇನೂ ಮೇಲೆ ಬರಲಿಲ್ಲವೆಂದೂ ಭಾವಿಸೋಣ. ‘ಇವರ ಮಾತು ಕೇಳಿ ನನ್ನ ಹಣ ಹೋಯಿತು, ನೀವು ಎಚ್ಚರದಿಂದಿರಿ’ ಎಂದು ಆತ ಹೇಳಿದ ಮರುವಾರವೇ ವಕೀಲರ ನೋಟೀಸು ಬಂದರೆ ಅವನ ಗತಿಯೇನು? ಹೊಲ ಒಣಗಿತು; ಈಗ ಬಾಯಿಗೂ ಬೀಗ ಬಿತ್ತು. ಭವಿಷ್ಯ, ವಶೀಕರಣ, ಮಾಟ ತೆಗೆಯುವಿಕೆ ಮುಂತಾದವುಗಳನ್ನು ಮಾರುವವರ ವಿಷಯದಲ್ಲಿಯೂ ನ್ಯಾಯ ಇದೇ.

ಗೋಕಾಕದ ಕರದಂಟನ್ನು ಕೊಂಡವನು ‘ಈ ಸಲ ಬೆಲ್ಲದ ಪಾಕ ಹೊತ್ತಿದೆ’ ಎಂದರೆ ಅಂಗಡಿಯವರು ಕೋರ್ಟಿಗೆ ಹೋಗುವುದಿಲ್ಲ; ಇನ್ನೊಂದು ತುಂಡು ಕೊಟ್ಟು ತಿಂದು ನೋಡೆನ್ನುತ್ತಾರೆ. ಶರಣ ನುಲಿಯ ಚಂದಯ್ಯನು ಹಗ್ಗ ಮಾರಿ ಬದುಕಿದವನು. ತಕ್ಕ ಬೆಲೆಗಿಂತ ಹೆಚ್ಚು ಬಂದ ಹೊನ್ನನ್ನು ಒಲ್ಲೆನೆಂದವನೆಂದು ಅವನ ಕಥೆ ಹೇಳುತ್ತದೆ. ಹಗ್ಗವನ್ನು ಕೊಳ್ಳುವವನು ಎಳೆದು ನೋಡಬಹುದು. ಎಳೆದು ನೋಡಗೊಡುವುದೇ ಕಾಯಕದ ಶುದ್ಧಿ. ಎಳೆದು ನೋಡಿದವನ ಮೇಲೆ ದಾವೆ ಹೂಡುವೆನೆಂಬುದು ಹಗ್ಗ ಸವೆದಿದೆಯೆಂಬ ಶಂಕೆಗೆ ತಾನೇ ಎಡೆ ಕೊಟ್ಟಂತೆ.

ಪರೀಕ್ಷೆಗೆ ಒಲ್ಲದ ಮನೋಭಾವ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ, ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದರು. ಸಮಿತಿಗೆ ಉತ್ತರ ಬರಲಿಲ್ಲ. 1977ರಲ್ಲಿ ಸಮಿತಿಯೇ ವಿಸರ್ಜಿತವಾಯಿತು. ಅಲ್ಲಿ ಮೌನ ಉತ್ತರವಾಗಿತ್ತು. ಹೊರದೇಶಗಳಲ್ಲಿ ದಾವೆಯೇ ಉತ್ತರವಾದದ್ದುಂಟು. ಮನೋಬಲದಿಂದ ಚಮಚ ಬಾಗಿಸುವೆನೆಂದು ಹೆಸರಾದ ಯೂರಿ ಗೆಲ್ಲರ್, ಅದು ಕೇವಲ ಕೈಚಳಕವೆಂದ ಜಾದೂಗಾರ ಜೇಮ್ಸ್ ರ‍್ಯಾಂಡಿಯ ಮೇಲೆ 1991ರಲ್ಲಿ ಒಂದೂವರೆ ಕೋಟಿ ಡಾಲರುಗಳ ದಾವೆ ಹೂಡಿದ. ದಾವೆ ವಜಾ ಆಯಿತು. ಆದರೆ ಇಂಥ ವ್ಯಾಜ್ಯಗಳ ಭಾರದಿಂದ ರ‍್ಯಾಂಡಿ ತಾನೇ ಕಟ್ಟಲು ನೆರವಾಗಿದ್ದ ಸಂಸ್ಥೆಯನ್ನು ಬಿಟ್ಟು ಹೊರನಡೆಯಬೇಕಾಯಿತು. ವ್ಯಾಜ್ಯವನ್ನು ಸೋತವನೂ ಎದುರಾಳಿಯನ್ನು ದಣಿಸಬಲ್ಲನೆಂಬುದಕ್ಕೆ ಇದೊಂದು ನಿದರ್ಶನ.

ಹಾಗೆಂದು ವಿಮರ್ಶಕನ ನಾಲಗೆಗೆ ಕಡಿವಾಣ ಬೇಡವೆಂದಲ್ಲ. ಅತೀಂದ್ರಿಯ ಶಕ್ತಿಯುಳ್ಳವಳೆಂದು ಹೇಳಿಕೊಳ್ಳುವ ಇಂಗ್ಲೆಂಡಿನ ಸ್ಯಾಲಿ ಮಾರ್ಗನ್ ಗುಪ್ತ ಶ್ರವಣಯಂತ್ರದಿಂದ ಪ್ರೇಕ್ಷಕರ ವಿವರ ಪಡೆದಳೆಂಬ ಅರ್ಥ ಬರುವಂತೆ ಡೈಲಿ ಮೇಲ್ ಪತ್ರಿಕೆಯಲ್ಲಿ ಲೇಖನ ಬಂದಿತು. ಆ ಆರೋಪವನ್ನು ಉಳಿಸಿಕೊಳ್ಳಲಾರದೆ ಪತ್ರಿಕೆಯು 2013ರಲ್ಲಿ ಕ್ಷಮೆ ಕೋರಿ 1,25,000 ಪೌಂಡು ತೆರಬೇಕಾಯಿತು. ‘ಆಕೆಯ ಮಾತು ಫಲಿಸಲಿಲ್ಲ’ ಎಂಬುದು ಒಂದು. ‘ಆಕೆ ಹೀಗೆಯೇ ವಂಚಿಸಿದಳು’ ಎಂಬುದು ಮತ್ತೊಂದು. ಮೊದಲನೆಯದು ಅನುಭವ, ಎರಡನೆಯದು ಆರೋಪ. ಆರೋಪಕ್ಕೆ ಪುರಾವೆ ಬೇಕು. ಕಂಡದ್ದನ್ನು ಕಂಡಷ್ಟೇ ಹೇಳುವವನು ಸತ್ಯವಂತ. ಸಿಟ್ಟಿಗೆ ಒಂದು ಪದ ಹೆಚ್ಚು ಸೇರಿಸಿದವನು ನಿಂದಕನ ಸಾಲಿಗೆ ಸೇರುವ ಭಯವಿದೆ.

ನಮ್ಮ ದೇಶದ ಕಾನೂನೂ ಈ ವಿವೇಕವನ್ನು ಕಂಡುಕೊಂಡಿದೆ. 1860ರ ದಂಡಸಂಹಿತೆಯ 499ನೆಯ ಕಲಮಿನಲ್ಲಿದ್ದ ಮಾನಹಾನಿಯ ವಿಧಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿದೆ. ಎರಡು ವರ್ಷಗಳವರೆಗೆ ಸಜೆ ವಿಧಿಸಬಹುದಾದ ಅಪರಾಧವಿದು. ಆದರೆ ವಿನಾಯಿತಿಗಳು ಹತ್ತು. ಲೋಕಹಿತಕ್ಕಾಗಿ ಆಡಿದ ಸತ್ಯ ಅಪರಾಧವಲ್ಲ. ಕೇಳುವವನ ಒಳಿತಿಗಾಗಿ ಸದ್ಭಾವದಿಂದ ಕೊಟ್ಟ ಎಚ್ಚರಿಕೆಯೂ ಅಪರಾಧವಲ್ಲ. ಆದರೂ ಒಂದು ವಿಷಮತೆ ಉಳಿಯುತ್ತದೆ. ‘ನನಗೆ ಕಾಣುತ್ತದೆ’ ಎನ್ನುವವನು ಯಾವ ಪುರಾವೆಯೂ ಇಲ್ಲದೆ ಹಣ ಪಡೆಯುತ್ತಾನೆ. ‘ಕಾಣಲಿಲ್ಲ’ ಎಂದವನು ಮಾತ್ರ ಆ ವಿನಾಯಿತಿಗಾಗಿ ಸಾಕ್ಷಿ ಹೊತ್ತು ಕಟಕಟೆ ಏರಬೇಕು. ಧರ್ಮದೃಷ್ಟಿಯಲ್ಲಿ ಭಾರ ಮೊದಲು ಹೊರಬೇಕಾದವನು ಹಣ ಪಡೆದವನೇ.

ಬಸವಾದಿ ಶರಣರು ಶಕುನ, ಮುಹೂರ್ತಗಳ ಭಯದಿಂದ ಜನರನ್ನು ಬಿಡಿಸಿದರು. ಆ ಭಯ ಈಗ ಕೋರ್ಟಿನ ಭಯವಾಗಿ ಮರಳಿ ಬರಬಾರದು. ನೋಟೀಸೆಂಬುದು ತೀರ್ಪಲ್ಲ, ಒಂದು ಪಕ್ಷದ ಕಾಗದವಷ್ಟೇ. ಇದನ್ನು ತಿಳಿಯದ ಬಡವನು ಕಾಗದ ಕಂಡೊಡನೆ ತಪ್ಪೊಪ್ಪಿಗೆ ಬರೆದುಕೊಡುತ್ತಾನೆ. ಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಇಂದು ವಕೀಲರಾಗಿರುವವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ಕಾಗದ ಹಿಡಿದು ಬಂದವನಿಗೆ ಅರ್ಧ ಗಂಟೆ ಕೊಟ್ಟು, ಅದನ್ನು ಓದಿ ಹೇಳಿ, ಅವನು ಆಡಿದ್ದು ಕಂಡ ಸತ್ಯವೋ ಸಿಟ್ಟಿನ ಆರೋಪವೋ ಎಂದು ವಿವೇಚಿಸಿ ಧೈರ್ಯ ತುಂಬಿದರೆ ಅದೂ ದಾಸೋಹವೇ. ಮಠಗಳೂ ತಮ್ಮ ಬಗೆಗೆ ಭಕ್ತರು ಕೇಳುವ ಪ್ರಶ್ನೆಗಳನ್ನು ಇದೇ ಸಹನೆಯಿಂದ ಆಲಿಸಬೇಕು. ಅನ್ಯರಿಗೆ ಹೇಳುವ ನೀತಿಗೆ ಆಗಲೇ ಬೆಲೆ.

ಸುಳ್ಳು ನುಡಿದು ಒಬ್ಬರ ಮಾನ ಕಳೆಯುವುದು ಪಾಪ. ನಿಜ ನುಡಿದವನನ್ನು ಬೆದರಿಸಿ ತನ್ನ ಮಾನ ಉಳಿಸಿಕೊಳ್ಳುವುದೂ ಪಾಪವೇ. ಅವನು ಬೆದರಿ ಸುಮ್ಮನಾದರೆ, ಅವನ ಪಕ್ಕದ ಹೊಲದವನೂ ಅದೇ ಮಾತು ನಂಬಿ ಸಾಲ ಮಾಡುತ್ತಾನೆ.