ತಂದೆಯೂ ದಂಡನಾಯಕನೂ

ಸಕಲೇಶಪುರದಿಂದ ಸೋಮವಾರಪೇಟೆಯತ್ತ ಹೊರಟವರಿಗೆ ದಾರಿಯಲ್ಲಿ ಮೊದಲು ಶುಕ್ರವಾರಸಂತೆ, ಕೊಡ್ಲಿಪೇಟೆಯನ್ನು ದಾಟಿದ ಮೇಲೆ ಶನಿವಾರಸಂತೆ ಸಿಗುತ್ತವೆ. ನಡುವೆ ಎಲ್ಲಿಯೋ ಹಾಸನ ಜಿಲ್ಲೆ ಮುಗಿದು ಕೊಡಗು ಆರಂಭವಾಗುತ್ತದೆ. ಕಾಫಿ ಗಿಡಗಳಿಗಾಗಲಿ ಸಿಲ್ವರ್ ಮರಗಳಿಗಾಗಲಿ ಆ ಗಡಿಯ ಪರಿವೆ ಇಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಕಾಲದಲ್ಲಿ ಆ ಶನಿವಾರಸಂತೆಯಲ್ಲಿ ಹುಟ್ಟಿದವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಶಾಲಾ ಪುಸ್ತಕಗಳಿಂದ ಅವರ ಹೆಸರು ನಮಗೆಲ್ಲ ಪರಿಚಿತ. ಆದರೆ ಅವರ ಬದುಕಿನ ಒಂದು ಘಟನೆ ಈಚೆಗೆ ನನ್ನನ್ನು ಬಹಳ ಕಾಡಿತು. ಕಾರಣವನ್ನು ಹೇಳಿಬಿಡುತ್ತೇನೆ.

ನಮ್ಮ ಧರ್ಮಕೇಂದ್ರದ ಒಬ್ಬ ತಂದೆ, ತೋಟವೊಂದರಲ್ಲಿ ರೈಟರ್ ಆಗಿರುವವರು, ಪೂಜೆ ಮುಗಿದ ಮೇಲೆ ನನ್ನ ಬಳಿಗೆ ಬಂದರು. ಮಗನಿಗೆ ಒಂದು ಕಡೆ ಕೆಲಸಕ್ಕೆ ಸಂದರ್ಶನವಿದೆ, ಅಲ್ಲಿನ ಮೇಲಧಿಕಾರಿ ತಮಗೆ ಗೊತ್ತಂತೆ, ಒಂದು ಕಾಗದ ಬರೆದುಕೊಡಿ ಸ್ವಾಮಿ ಎಂದರು. ನಾನು ತಡವರಿಸಿದೆ. ಏಕೆಂದರೆ ಅಂಥ ಕಾಗದಗಳನ್ನು ನಾನು ಬರೆದಿದ್ದೇನೆ. ವರ್ಷಗಳ ಹಿಂದೆ ನನ್ನ ಬಂಧುವೊಬ್ಬರ ಮಗನಿಗೆ ಶಾಲೆಯೊಂದರಲ್ಲಿ ಸೀಟು ಕೊಡಿಸಲು ನಾಲ್ಕು ಸಾಲು ಬರೆದೆ, ಸೀಟು ಸಿಕ್ಕಿತು. ಅದೇ ಸೀಟಿಗಾಗಿ ಹೆಚ್ಚು ಅಂಕ ಪಡೆದಿದ್ದ, ಲೈನ್ ಮನೆಯಲ್ಲಿ ವಾಸವಾಗಿದ್ದ ಹುಡುಗನೊಬ್ಬ ಹಿಂತಿರುಗಿ ಹೋದನೆಂಬುದು ನನಗೆ ತಿಳಿದದ್ದು ಆಮೇಲೆ. ಆತನ ತಂದೆ ನನ್ನನ್ನು ಕಂಡಾಗಲೆಲ್ಲ ಹಿಂದಿನಂತೆಯೇ ಕೈಮುಗಿಯುತ್ತಿದ್ದರು.

ಕಾರ್ಯಪ್ಪನವರು ಎರಡು ಮಹಾಯುದ್ಧಗಳ ನಡುವೆ ರೂಪುಗೊಂಡ ಸೈನಿಕ. 1914ರ ಯುದ್ಧದಲ್ಲಿ ಅವರು ಹೋರಾಡಿದವರಲ್ಲ. ಆದರೆ ಆ ಯುದ್ಧದಲ್ಲಿ ಸುಮಾರು ಹದಿಮೂರು ಲಕ್ಷ ಭಾರತೀಯರು ಸೇವೆ ಸಲ್ಲಿಸಿ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮಡಿದ ಮೇಲೆ, ಅಧಿಕಾರಿಯ ಪದವಿಯನ್ನು ಭಾರತೀಯರಿಗೆ ನಿರಾಕರಿಸುವುದು ಬ್ರಿಟಿಷರಿಗೆ ಕಷ್ಟವಾಯಿತು. 1918ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಆರಂಭವಾದಾಗ ಅದಕ್ಕೆ ಸೇರಿದ ಮೊದಲ ತಂಡದಲ್ಲಿ ಕಾರ್ಯಪ್ಪ ಇದ್ದರು. ಹೆಸರಿಲ್ಲದ ಸಿಪಾಯಿಗಳ ರಕ್ತ ತೆರೆದ ಬಾಗಿಲು ಅದು. 1919ರ ಡಿಸೆಂಬರಿನಲ್ಲಿ ಅಧಿಕಾರಿಯಾಗಿ, ಯುದ್ಧದ ಹೊಗೆ ಇನ್ನೂ ಆರದಿದ್ದ ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದರು. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್‌ಗಳಲ್ಲಿಯೂ ಬಳಿಕ ಬರ್ಮಾ ರಣರಂಗದಲ್ಲಿಯೂ ಸೇವೆ ಸಲ್ಲಿಸಿದರು, 1942ರಲ್ಲಿ ಒಂದು ದಳದ ನಾಯಕತ್ವ ಪಡೆದ ಮೊದಲ ಭಾರತೀಯರಾದರು, 1945ರಲ್ಲಿ ಓ.ಬಿ.ಇ. ಗೌರವ ಬಂದಿತು. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಭಾರತೀಯ ಸೇನೆಯ ಮಹಾದಂಡನಾಯಕತ್ವವನ್ನು ವಹಿಸಿಕೊಂಡರು. ಸೇನಾ ದಿನವೆಂದು ನಾವು ಆಚರಿಸುವುದು ಆ ದಿನವನ್ನೇ.

ಜಾತಿ, ಪ್ರಾಂತ್ಯಗಳ ಲೆಕ್ಕದಲ್ಲಿ ಪಡೆಗಳನ್ನು ಕಟ್ಟುವ ಬ್ರಿಟಿಷ್ ಪದ್ಧತಿಗೆ ಬದಲಾಗಿ ಎಲ್ಲ ಪ್ರಾಂತ್ಯಗಳ, ಎಲ್ಲ ಸಮುದಾಯಗಳ ಯುವಕರೂ ಒಂದೇ ಸಾಲಿನಲ್ಲಿ ನಿಲ್ಲುವ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಅನ್ನು 1949ರಲ್ಲಿ ಸ್ಥಾಪಿಸಿದವರೂ ಅವರೇ. ಅವರ ಎಲ್ಲ ರಾಜಕೀಯ ಅಭಿಪ್ರಾಯಗಳನ್ನೂ ಒಪ್ಪಲು ನನ್ನಿಂದಾಗದು; 1971ರಲ್ಲಿ ಅವರು ಲೋಕಸಭಾ ಚುನಾವಣೆಗೆ ನಿಂತಾಗ ಮತದಾರರೂ ಒಪ್ಪಲಿಲ್ಲ. ಅದಿರಲಿ.

ನಾನು ಹೇಳಹೊರಟದ್ದು 1965ರ ಸೆಪ್ಟೆಂಬರ್ ತಿಂಗಳ ಮಾತು. ರೋಮಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಕೊನೆಯ ಅಧಿವೇಶನದಲ್ಲಿ ಯುದ್ಧ ಮತ್ತು ಶಾಂತಿಯನ್ನು ಕುರಿತ ಕರಡು ಚರ್ಚೆಯಲ್ಲಿದ್ದ ಕಾಲವದು. ಇಲ್ಲಿ ಭಾರತ ಪಾಕಿಸ್ತಾನಗಳು ಕಾದುತ್ತಿದ್ದವು. ಕದನವಿರಾಮಕ್ಕೆ ಮುನ್ನಾದಿನ, ಸೆಪ್ಟೆಂಬರ್ 22ರಂದು, ಕಾರ್ಯಪ್ಪನವರ ಮಗ, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ವಿಮಾನ ಹೊಡೆದುರುಳಿಸಲ್ಪಟ್ಟು ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುನ್ನ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಅಧಿಕಾರಿಯ ಮಗನನ್ನು ವಿಶೇಷವಾಗಿ ನೋಡಿಕೊಳ್ಳುವ ಇಚ್ಛೆಯನ್ನು ಅವರು ತಿಳಿಸಿದರು. ನಿವೃತ್ತರಾಗಿ ಮಡಿಕೇರಿಯ ತಮ್ಮ ‘ರೋಶನಾರ’ ಮನೆಯಲ್ಲಿದ್ದ ತಂದೆ ಅದನ್ನು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ತನ್ನ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬುದು ಅವರ ಉತ್ತರದ ತಿರುಳು.

ಇದನ್ನು ಕೇಳಿ ಚಪ್ಪಾಳೆ ತಟ್ಟುವುದು ಸುಲಭ. ನನಗೆ ಅಷ್ಟು ಸುಲಭವಾಗಲಿಲ್ಲ. ಪ್ರೀತಿಗೆ ಒಂದು ಕ್ರಮವಿದೆ, ಹತ್ತಿರದವರನ್ನು ಹೆಚ್ಚಾಗಿ ಪ್ರೀತಿಸುವುದು ತಪ್ಪಲ್ಲ, ಅದು ಕರ್ತವ್ಯವೇ ಸರಿ ಎಂದು ಗುರುಮಠದಲ್ಲಿ ನಮಗೆ ಕಲಿಸಿದವರು ಸಂತ ತೋಮಸ್ ಅಕ್ವೀನಾಸ್. ಹಾಗಾದರೆ ಮಗನ ಪಾಲಿಗೆ ಬರುತ್ತಿದ್ದ ಒಂದಿಷ್ಟು ಸುಖವನ್ನು ತಂದೆ ತಳ್ಳಿಹಾಕಬಹುದೇ? ಪರರ ಮಕ್ಕಳನ್ನು ತನ್ನವರೆನ್ನುವ ಹುಮ್ಮಸ್ಸಿನಲ್ಲಿ ತನ್ನ ಮಗನನ್ನೇ ಮರೆತ ಗರ್ವ ಇದಲ್ಲವೇ?

ಆದರೆ ಅದೇ ಅಕ್ವೀನಾಸರು ಮುಖದಾಕ್ಷಿಣ್ಯವನ್ನು ನ್ಯಾಯಕ್ಕೆ ವಿರುದ್ಧವಾದ ಪಾಪವೆಂದೂ ಹೇಳಿದ್ದಾರೆ. ರಕ್ತಸಂಬಂಧ ಒಬ್ಬನನ್ನು ತಂದೆಯ ಆಸ್ತಿಗೆ ಅರ್ಹನನ್ನಾಗಿ ಮಾಡುತ್ತದೆ, ಧರ್ಮಸಭೆಯ ಅಧಿಕಾರಕ್ಕೆ ಅಲ್ಲ ಎಂಬುದು ಅವರು ಕೊಡುವ ನಿದರ್ಶನ. ಅಂದರೆ ಕೇಳಬೇಕಾದ ಪ್ರಶ್ನೆ ಯಾರನ್ನು ಹೆಚ್ಚು ಪ್ರೀತಿಸಬೇಕು ಎಂಬುದಲ್ಲ, ಕೊಡುತ್ತಿರುವ ವಸ್ತು ಯಾರದು ಎಂಬುದು. ನನ್ನ ತಟ್ಟೆಯ ಅನ್ನವನ್ನು ಮಗನಿಗೆ ಮೊದಲು ಬಡಿಸಿದರೆ ಅದು ಪ್ರೀತಿ. ಊರಿನ ಅನ್ನವನ್ನು ಬಡಿಸುವ ಸೌಟು ಕೈಯಲ್ಲಿರುವಾಗ ಹಾಗೆ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ. ಸೆರೆಯಾಳಿಗೆ ಸಲ್ಲಬೇಕಾದ ಮರ್ಯಾದೆ, ಹೊದಿಕೆ, ಔಷಧಿ ಯಾವ ತಂದೆಯ ಪಿತ್ರಾರ್ಜಿತವೂ ಅಲ್ಲ; 1949ರ ಜಿನೀವಾ ಒಪ್ಪಂದ ಅದನ್ನು ಎಲ್ಲ ಸೆರೆಯಾಳುಗಳಿಗೂ ಭೇದವಿಲ್ಲದೆ ಕೊಡಬೇಕೆನ್ನುತ್ತದೆ.

ಒಬ್ಬನಿಗೆ ಹೆಚ್ಚು ಕೊಟ್ಟ ಮಾತ್ರಕ್ಕೆ ಇನ್ನೊಬ್ಬನದೇನೂ ಕಡಿಮೆಯಾಗುತ್ತಿರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಅಲ್ಲಿ ನನಗೆ ನೆನಪಾಗುವುದು 1948ರ ಚಳಿಗಾಲ. ಪಶ್ಚಿಮ ವಲಯದ ಸೇನಾಧಿಪತಿಯಾಗಿದ್ದ ಕಾರ್ಯಪ್ಪನವರ ಅಧೀನದಲ್ಲಿ ಪಡೆಗಳು ಜೋಜಿಲಾ ಕಣಿವೆಯನ್ನು ಹಾಯ್ದು ದ್ರಾಸ್, ಕಾರ್ಗಿಲ್‌ಗಳನ್ನು ಮರಳಿ ಪಡೆದವು. ಆ ಹಿಮಕ್ಕೆ ಹೋದವರು ಯಾರಯಾರದೋ ಮಕ್ಕಳು. ಮಗನನ್ನು ಜೋಪಾನ ಮಾಡಿ ಎಂದು ದಂಡನಾಯಕನಿಗೆ ಹೇಳಿಕಳುಹಿಸುವ ದಾರಿ ಅವರ ತಂದೆಯರಿಗೆ ಇರಲಿಲ್ಲ. ಆ ತಂದೆಯರ ಮುಂದೆ ಮುಖವೆತ್ತಿ ನಿಲ್ಲಬೇಕಾದವನು ತನ್ನೊಬ್ಬ ಮಗನಿಗೆ ಬೇರೆ ಬಾಗಿಲನ್ನು ತೆರೆಯಿಸಲು ಸಾಧ್ಯವಿತ್ತೇ?

ಇಷ್ಟಾದರೂ ಒಂದು ಮುಳ್ಳು ಉಳಿಯುತ್ತದೆ. ಆ ಉತ್ತರದ ಬೆಲೆಯನ್ನು ತೆರಬೇಕಾಗಿದ್ದವರು ಮಡಿಕೇರಿಯಲ್ಲಿದ್ದ ತಂದೆಯಲ್ಲ, ಸೆರೆಯಲ್ಲಿದ್ದ ಮಗ. ತನ್ನದನ್ನು ತ್ಯಜಿಸುವುದು ಒಂದು, ಇನ್ನೊಬ್ಬರ ಸುಖವನ್ನು ತ್ಯಜಿಸುವುದು ಮತ್ತೊಂದು. ಆ ಮಗ ಎಳೆಯ ಮಗುವಾಗಿರಲಿಲ್ಲ, ತಾನಾಗಿ ಸಮವಸ್ತ್ರ ತೊಟ್ಟ ಅಧಿಕಾರಿ ಎಂಬುದೊಂದೇ ನನಗೆ ಇದಕ್ಕೆ ಕಾಣುವ ಸಮಾಧಾನ. ಅವರು ಮುಂದೆ ಬಿಡುಗಡೆಯಾಗಿ ಬಂದು, ಏರ್ ಮಾರ್ಷಲ್ ಪದವಿಗೇರಿ, ತಂದೆಯ ಜೀವನಚರಿತ್ರೆಯನ್ನೂ ಬರೆದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯನ್ನು ಪಡೆದ ತಂದೆ 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಕಾಗದ ಕೇಳಿದ ರೈಟರಿಗೆ ಇದನ್ನೆಲ್ಲ ಹೇಳಿದೆ. ಲೈನ್ ಮನೆಯ ಹುಡುಗನ ಕಥೆಯನ್ನೂ ಮುಚ್ಚಿಡಲಿಲ್ಲ. ಮಗನ ನಡತೆ ನನಗೆ ತಿಳಿದಷ್ಟನ್ನು ಬರೆದುಕೊಡುತ್ತೇನೆ, ಯಾರು ಕೇಳಿದರೂ ಬರೆದುಕೊಡುವಂಥದ್ದನ್ನು. ಆ ಅಧಿಕಾರಿಯ ಹೆಸರಿಗೆ ಮಾತ್ರ ಬರೆಯಲಾರೆ ಎಂದೆ. ಅವರು ಬಹಳ ಹೊತ್ತು ನೆಲವನ್ನೇ ನೋಡುತ್ತಿದ್ದರು. ಕೋಪಗೊಂಡರೇನೋ ಎಂದುಕೊಂಡೆ.

“ಸ್ವಾಮಿ, ಆ ಉತ್ತರ ಕೊಟ್ಟ ರಾತ್ರಿ ಅವರಿಗೆ ನಿದ್ದೆ ಬಂದಿರಬಹುದೇ?” ಎಂದು ಕೇಳಿದರು.

ಬಂದಿರಲಾರದು ಎಂದೆ. ಕೊಡೆಯನ್ನು ಬಿಚ್ಚಿಕೊಂಡು ಅವರು ಮಳೆಯಲ್ಲಿ ಇಳಿದು ಹೋದರು.